ಬುಟ್ಟಿಯಡಿಯ ಕೋಳಿ

ನೇಗಿಲು ಈ ವರ್ಷವೂ ಕೊಟ್ಟಿಗೆಯ ಗೋಡೆಗೇ ಒರಗಿದೆ.
ಕುಳಕ್ಕೆ ಜೇಡ ಬಲೆ ಕಟ್ಟಿದೆ, ನಾನು ತೆಗೆದಿಲ್ಲ.
ಸೋಯಾ ಕೊಯ್ದ ಹೊಲ ಕೂಳೆ ಹೊತ್ತು ಹಾಗೇ ಮಲಗಿದೆ,
ಭಾಲ್ಕಿ ರಸ್ತೆಯಾಚೆ, ಮೂರು ಎಕರೆ ಎರೆ,
ಮೇಲೆ ಹೊಟ್ಟಿನ ಹೊದಿಕೆ, ಕೆಳಗೆ ಇನ್ನೂ ಆರದ ಹಸಿ.

"ನೇಗ್ಲಾ ಹೊಡೀದೆ ಬಿತ್ತೋದು ಎಂಥಾ ಒಕ್ಕಲುತನಾ?"
ಬದುವಿನ ಮೇಲೆ ನಿಂತು ಕೇಳಿದ್ದ ಘಾಳೆಪ್ಪ.
ಹೋದ ವರ್ಷ ಅವನ ಮಾತೇ ಖರೆ ಅನ್ನಿಸಿತ್ತು:
ಗೋಧಿ ಗೇಣುದ್ದ ಎದ್ದು, ಅಲ್ಲಲ್ಲಿ
ರೊಟ್ಟಿಯ ಮೇಲಿನ ಕಲೆಯ ಹಾಗೆ
ದುಂಡಗೆ ಹಳದಿಯಾಯಿತು.
ಹಿಡಿದೆಳೆದರೆ ಜಗ್ಗಾಟವೇ ಇಲ್ಲದೆ ಬಂದುಬಿಟ್ಟಿತು.
ಬೇರು ಇರಬೇಕಾದಲ್ಲಿ ಕಪ್ಪು ದಾರದ ತುಣುಕು,
ಬುಡಕ್ಕೆ ಬಿಳಿ ನೂಲು, ನೂಲಿಗೆ ಸಾಸಿವೆಯಂಥ ಗುಂಡು.

ಉತ್ತಿದ್ದರೆ ಬಿಸಿಲಿಗೆ ಬಿದ್ದು ಒಂದಿಷ್ಟಾದರೂ ಸಾಯುತ್ತಿತ್ತು.
ಈಗ ಕೂಳೆಯಡಿ ತಣ್ಣಗೆ ಕೂತು ಕಾಯುತ್ತದೆ.
ಹಾಗಂತ ತಿರುಗಿ ಉಳಲೇ?
ಹಸಿ ಹಾರುತ್ತದೆ, ಡೀಸೆಲ್ ಹಾರುತ್ತದೆ.
ನೆಲ ಮುಟ್ಟುವುದಿಲ್ಲ ಅಂದಮೇಲೆ
ಕಾಳನ್ನು ಮುಟ್ಟಬೇಕು,
ಒಂದೊಂದನ್ನೂ.

ಅದಕ್ಕೇ ಚಿತ್ತಿ ಮಳೆ ಕಳೆದ ಈ ಬೆಳಗು
ಅಂಗಳದಲ್ಲಿ ತಗಡಿನ ಡ್ರಮ್ಮು,
ಝರೆಪ್ಪ ಬೆಸುಗೆ ಹಾಕಿಸಿ ತಂದ ಹಿಡಿಕೆ.
ಸಂಘದಿಂದ ತಂದ ತಕ್ಕಡಿಗೆ ಹಾಳೆ ಹಾಸಿ
ಕೆಂಪು ದವಾ ತೂಗಿದೆ, ಬಂಗಾರ ತೂಗಿದ ಹಾಗೆ.
ತಿರುಗಿಸಿದರೆ ಒಳಗೆ ಪತ್ರಾಸಿನ ಮೇಲಿನ ಮಳೆ.

ಇನ್ನೊಂದು ಚೀಲಕ್ಕೆ ಬೆಲ್ಲದ ನೀರು, ಹಸಿರು ಪುಡಿ.
ಬೂಷ್ಟಿಗೆ ಬೂಷ್ಟನ್ನೇ ಕಾವಲಿಡುವುದು.
"ರೊಟ್ಟಿಗಿ ಬಂದ್ರ ಒಗೀತಿ,
ಬೀಜಕ್ಕಾದ್ರ ಬೆಲ್ಲಾ ಹಾಕಿ ಸಾಕ್ತಿ"
ಎಂದು ನಕ್ಕಳು ಅತ್ತೆ ಲಾಲಮ್ಮ.

ನಗುತ್ತಲೇ ಕೆಂಪು ರಾಶಿಯಿಂದ ಒಂದು ಕಾಳು ಹೆಕ್ಕಿ
ಬಾಯಿಗೆ ಒಯ್ದಳು.
ಐವತ್ತು ಬಿತ್ತಿಗೆಯಲ್ಲೂ ಹೀಗೇ ಕೇಳಿದವಳು:
ಕಟ್ಟನೆ ಒಡೆದರೆ ಗಟ್ಟಿ, ಮೆತ್ತಗಾದರೆ ಮುಗ್ಗು.
ನಾನು ಮಣಿಕಟ್ಟು ಹಿಡಿದೆ. ಬಿಗಿಯಾಗಿಯೇ ಹಿಡಿದೆ.
ಬಳೆಯೊಂದು ಒಡೆಯಿತು.
ನೆಲಕ್ಕೆ ಬಿದ್ದ ಕಾಳನ್ನು ಇಬ್ಬರೂ ನೋಡಿದೆವು.

"ಹಂಗಂದ್ರ ಇದು ಕಾಳಲ್ಲೇನ ಈಗ?"

ಮುಖಕ್ಕೆ ಸುತ್ತಿದ ಬಟ್ಟೆಯೊಳಗೆ ನನ್ನ ಉಸಿರೇ ನನಗೆ ಬಿಸಿ.
ಕೋಳಿಗಳನ್ನು ನಸುಕಿಗೇ ಬುಟ್ಟಿಯಡಿ ಮುಚ್ಚಿದ್ದೆ.
ಆಕೆಯನ್ನು ಮರೆತಿದ್ದೆ.

ಮಧ್ಯಾಹ್ನ ಖದೀರನ ಟ್ರ್ಯಾಕ್ಟರು ಬಂತು.
ಹೊಟ್ಟನ್ನು ಸೀಳಿ ಬೆರಳಗಲದ ಗೀರು,
ಗೀರಿನೊಳಗೆ ಕೆಂಪು, ಅದರ ಮೇಲೆ ಮತ್ತೆ ಹೊಟ್ಟು.
ಮೂರು ಸಾಲು ಮಾತ್ರ ಬರಿಗಾಳು ಹಾಕಿಸಿದೆ.
ಜಾಲಿಗೂಟಕ್ಕೆ ಹಳೆ ಸೀರೆಯ ಅಂಚು ಗುರುತು.
ಯಾರು ಖರೆ, ಪುಷ್ಯದಲ್ಲಿ ಬೇರು ಕಿತ್ತು ನೋಡುವಾ.
ಇಡೀ ಹೊಲ ಉಳಿಯುತ್ತದೆಂದು ನಾನೂ ನಂಬಿಲ್ಲ.

ಒಂದು ಬೊಗಸೆ ಉಳಿಯಿತು, ಕೆಂಪು.
ಬೀಸುವಂತಿಲ್ಲ. ಕೋಳಿಗೆ ಚೆಲ್ಲುವಂತಿಲ್ಲ.
ಜೋಳಿಗೆ ಹಿಡಿದು ಬಂದವರಿಗೆ ನೀಡುವಂತಿಲ್ಲ.
ಲಾಲಮ್ಮ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು
ಬಾವಿಯ ದಾರಿಗುಂಟ, ಕೋಲಿನ ತುದಿಯಿಂದ
ಒಂದು ತೂತು, ಒಂದು ಕಾಳು, ಕಾಲಿಂದ ಮಣ್ಣು.
ಸಾಲು ಸೊಟ್ಟ.
"ಮತ್ತೇನೂ ಆಗೋದಿಲ್ಲಂದ್ರ ಬೀಜರೇ ಆಗಲಿ."

ರಾತ್ರಿ ಮೂರು ಸಲ ಸಾಬೂನು ಹಚ್ಚಿದರೂ
ಹರಿದ ಕೈಗವಸಿನಿಂದ ಇಳಿದ ಬಣ್ಣ
ಉಗುರಸಂದಿಯಲ್ಲೇ ನಿಂತಿತು.
ಗಂಗಾಳದ ಮುಂದೆ ಕೈ ನೋಡುತ್ತ ಕೂತೆ.
ಆಕೆ ರೊಟ್ಟಿ ಮುರಿದು ಪುಂಡಿಪಲ್ಲೆಗೆ ಅದ್ದಿ
"ಬಾಯಿ ತೆರಿ" ಅಂದಳು.
ಒಂದು ಬಳೆಯಷ್ಟು ಕಡಿಮೆ ಸಪ್ಪಳ.